ಹೈವೇಯಲ್ಲಿ ರೇಂಜ್ ನೋಡಬೇಡಿ, ಪರ್ಸೆಂಟ್ ಎಣಿಸಿ

ವಿಜಯಪುರದಿಂದ ಹುಬ್ಬಳ್ಳಿ ಕಡೆ ಎಲೆಕ್ಟ್ರಿಕ್ ಕಾರು ಒಯ್ಯುವವರು ಊರು ದಾಟಿದ ಕೂಡಲೇ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಬ್ಯಾಟರಿ ಪರ್ಸೆಂಟ್ ನೋಡಿಟ್ಟುಕೊಳ್ಳಿ. ಕೊಲ್ಹಾರದ ಕೃಷ್ಣಾ ಸೇತುವೆ ಹತ್ತಿರ ಮತ್ತೊಮ್ಮೆ ನೋಡಿ. 36 ಕಿ.ಮೀ.ಗೆ 12 ಪರ್ಸೆಂಟ್ ಇಳಿದಿದ್ದರೆ, ಒಂದು ಪರ್ಸೆಂಟ್‌ಗೆ 3 ಕಿ.ಮೀ. ಅಂದರೆ 60 ಉಳಿದಾಗ, ಕೊನೆಯ 15 ಮುಟ್ಟದೆ ಇನ್ನು 135 ಕಿ.ಮೀ. ಓಡಬಹುದು. ಡ್ಯಾಶ್‌ಬೋರ್ಡ್ ರೇಂಜ್, ಅಂದರೆ ಇನ್ನೆಷ್ಟು ಕಿ.ಮೀ. ಓಡುತ್ತದೆ ಎಂಬ ಅಂಕಿ, ಹಿಂದಿನ ಓಡಾಟ ನೋಡಿ ಹೇಳುವ ಲೆಕ್ಕ. ವಾರವಿಡೀ ಗಾಂಧಿ ಚೌಕದಲ್ಲಿ ನಿಧಾನ ಸುತ್ತಿದ ಗಾಡಿ ಸುಮ್ನೆ ಜಾಸ್ತಿ ತೋರಿಸುತ್ತದೆ, ಅಲ್ವಾ? ಹೈವೇಯಲ್ಲಿ ಗಾಳಿಯ ತಡೆ ವೇಗದ ವರ್ಗದಂತೆ (ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು) ಏರುತ್ತದೆ: 80ರಿಂದ 100ಕ್ಕೆ ಹೋದರೆ ಗಾಳಿ ಸೀಳಲು ಪ್ರತಿ ಕಿ.ಮೀ.ಗೆ ಸುಮಾರು ಒಂದೂವರೆ ಪಟ್ಟು ಕರೆಂಟ್. ಲೆಕ್ಕ ಕಡಿಮೆ ಬಿತ್ತೇ? 80ಕ್ಕೆ ಇಳಿಸಿ. ಎಸಿ ಆರಿಸಿ ಬೆವರುವುದಕ್ಕಿಂತ ಅದೇ ವಾಸಿ. ಆದರೆ ಮುಂದೆ ದಾರಿ ಬದಲಾದರೆ ಈ ಲೆಕ್ಕ ಕೈಕೊಡುತ್ತದೆ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದ ಲೆಕ್ಕ ಹಿಡಿದು ವಾಪಸ್ ಹತ್ತಬೇಡಿ. ಆಷಾಢದ ಎದುರುಗಾಳಿ ಇದ್ದರೆ 15ರ ಬದಲು 25 ಉಳಿಸಿಕೊಳ್ಳಿ.