ರಿಕರ್ಷನ್ ಹೆದರಿಕೆ ಹೋಗಿದ್ದು ಕಾಗದದ ಮೇಲೆ

ಲೂಪ್, ಇಫ್, ಫಂಕ್ಷನ್ ಕಲಿಯುವ ತನಕ ನನಗೆ ಪ್ರೋಗ್ರಾಮಿಂಗ್ ಕಷ್ಟ ಅನ್ನಿಸಿರಲಿಲ್ಲ. ರಿಕರ್ಷನ್ ಬಂತು ನೋಡಿ, ಕೈಕಾಲೇ ಆಡಲಿಲ್ಲ. ಫಂಕ್ಷನ್ ತನ್ನನ್ನು ತಾನೇ ಕರೆಯುತ್ತದೆ ಅಂದರೆ ಅದು ಮುಗಿಯುವುದಾದರೂ ಯಾವಾಗ? ವಿಡಿಯೊ ನೋಡುವಾಗ ಎಲ್ಲಾ ಅರ್ಥವಾದ ಹಾಗಿರುತ್ತಿತ್ತು. ನಾನೇ ಬರೆಯಲು ಕೂತರೆ ಒಂದು ಸಾಲೂ ಹೊರಡುತ್ತಿರಲಿಲ್ಲ.

ಕೊನೆಗೆ ಕೈಹಿಡಿದದ್ದು ಪೆನ್ನು ಮತ್ತು ಕಾಗದ. ಒಂದರಿಂದ ಎನ್ ತನಕದ ಸಂಖ್ಯೆಗಳನ್ನು ಕೂಡುವ ಚಿಕ್ಕ ಫಂಕ್ಷನ್ ತೆಗೆದುಕೊಂಡೆ. ‘ಮೊತ್ತ’ ಅಂತ ಹೆಸರಿಟ್ಟೆ. ಎನ್ ಸೊನ್ನೆಯಾಗಿದ್ದರೆ ಉತ್ತರ ಸೊನ್ನೆ. ಇಲ್ಲದಿದ್ದರೆ ಎನ್ + ಮೊತ್ತ(ಎನ್ - 1). ಅಷ್ಟೇ.

ಮೊತ್ತ(3) ಅಂದರೆ 3 + ಮೊತ್ತ(2). ಮೊತ್ತ(2)ರ ಉತ್ತರ ಬರದೆ ಈ ಲೆಕ್ಕ ಮುಂದಕ್ಕೆ ಹೋಗುವುದಿಲ್ಲ, ಅಲ್ವಾ? ಹಾಗಾಗಿ ಒಂದು ಚೌಕ ಹಾಕಿ ಒಳಗೆ ‘ಎನ್ = 3, ಕಾಯುತ್ತಿದೆ’ ಅಂತ ಬರೆದೆ. ಅದರ ಮೇಲೆ ಎನ್ = 2 ಇರುವ ಚೌಕ, ಅದರ ಮೇಲೆ 1, ತುದಿಯಲ್ಲಿ 0. ಸೊನ್ನೆಯ ಚೌಕ ಯಾರಿಗೂ ಕಾಯಬೇಕಿಲ್ಲ, ತಕ್ಷಣ ಉತ್ತರ ಕೊಡುತ್ತದೆ. ಅಲ್ಲಿಂದ ಒಂದೊಂದೇ ಚೌಕ ಹೊಡೆದು ಹಾಕುತ್ತಾ ಕೆಳಗಿಳಿದೆ: 0, 1, 3, 6.

ನನ್ನನ್ನು ಇಷ್ಟು ದಿನ ಕಾಡಿದ ಗಂಟು ಇಲ್ಲೇ ಬಿಚ್ಚಿತು. ಎನ್ ಅನ್ನುವುದು ಒಂದೇ ಆಗಿದ್ದು, ಅದು ಸೊನ್ನೆಗೆ ಇಳಿದುಬಿಟ್ಟರೆ, ವಾಪಸ್ ಬರುವಾಗ ಆ 3 ಎಲ್ಲಿಂದ ಸಿಗಬೇಕು? ನಾಲ್ಕು ಚೌಕದಲ್ಲಿ ನಾಲ್ಕು ಬೇರೆ ಬೇರೆ ಎನ್ ಇವೆ. ಪ್ರತಿ ಕರೆಗೂ ತನ್ನದೇ ಒಂದು. ಕಾಲ್ ಸ್ಟ್ಯಾಕ್ ಅನ್ನುವುದು ಈ ಚೌಕಗಳ ಸಾಲೇ. ಪ್ರೋಗ್ರಾಮನ್ನು ಸಾಲುಸಾಲಾಗಿ ನಿಲ್ಲಿಸಿ ನೋಡುವ ಸಾಧನವಾದ ಡಿಬಗರ್‌ನಲ್ಲಿ ಒಂದೊಂದೇ ಹೆಜ್ಜೆ ಹಾಕಿ ನೋಡಿದರೆ ಅವೇ ಸ್ಕ್ರೀನ್ ಮೇಲೆ ಕಾಣುತ್ತವೆ.

ಆಮೇಲೆ ಬೇಕಂತಲೇ ಸೊನ್ನೆಯ ಷರತ್ತನ್ನು ಅಳಿಸಿ ಪೈಥಾನ್‌ನಲ್ಲಿ ಓಡಿಸಿದೆ. ಏನೂ ಅನಾಹುತ ಆಗಲಿಲ್ಲ. ಪೈಥಾನ್ ಸಾಮಾನ್ಯವಾಗಿ 1000 ಕರೆಗಳ ಆಳಕ್ಕೆ ಮಿತಿ ಹಾಕಿರುತ್ತದೆ. ಅದು ದಾಟಿದ ಕೂಡಲೇ ರಿಕರ್ಷನ್ ಎರರ್ ಕೊಟ್ಟು ನಿಲ್ಲುತ್ತದೆ. ಹೊಸದು ಕಲಿಯುವವರಿಗೆ ನಾನು ಇದನ್ನೇ ಮೊದಲು ಮಾಡಿಸುತ್ತೇನೆ. ಕೆಟ್ಟರೆ ಏನಾಗುತ್ತದೆ ಅಂತ ಕಣ್ಣಾರೆ ನೋಡಿದ ಮೇಲೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಪಟ್ಟಿಯನ್ನು ಬೇಗ ಕ್ರಮವಾಗಿ ಜೋಡಿಸುವ ಕ್ವಿಕ್‌ಸಾರ್ಟ್ ವಿಧಾನ ಕಂಡುಹಿಡಿದ ಟೋನಿ ಹೋರ್ ಅವರ ಮಾತೂ ನನಗೆ ಧೈರ್ಯ ಕೊಟ್ಟಿತು. ಆ ವಿಧಾನ ಹೊಳೆದಿದ್ದರೂ ಅದನ್ನು ವಿವರಿಸುವುದು ಅವರಿಗೇ ಕಷ್ಟವಾಗಿತ್ತು. ಅಲ್ಗಾಲ್ 60 ಭಾಷೆಯ ರಿಕರ್ಷನ್ ಕಲಿತ ಮೇಲೆ ಬರೆಯುವ ದಾರಿ ಕಂಡಿತು ಅಂತ 1980ರ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಹೇಳಿದ್ದಾರೆ. ಅಂದರೆ ರಿಕರ್ಷನ್ ಇರುವುದು ಕಷ್ಟ ಕಡಿಮೆ ಮಾಡುವುದಕ್ಕೆ. ಫೋಲ್ಡರ್ ಒಳಗೆ ಫೋಲ್ಡರ್, ಅದರೊಳಗೆ ಮತ್ತೊಂದು ಇರುವಾಗ ಎಲ್ಲಾ ಫೈಲ್‌ಗಳ ಗಾತ್ರ ಕೂಡಿ ನೋಡಿ. ಬರೀ ಲೂಪ್‌ನಲ್ಲಿ ಮಾಡಲು ಹೊರಟರೆ ಯಾವ ಫೋಲ್ಡರ್ ಬಾಕಿ ಇದೆ ಅನ್ನುವ ಲೆಕ್ಕವನ್ನೂ ನಾವೇ ಇಡಬೇಕು. ರಿಕರ್ಷನ್‌ನಲ್ಲಿ ಆ ಕೆಲಸ ಸ್ಟ್ಯಾಕ್‌ನದು.

ಸಿ ಭಾಷೆಯ ಪಾಯಿಂಟರ್‌ಗೂ, ಅಂದರೆ ಮೆಮೊರಿಯಲ್ಲಿನ ವಿಳಾಸ ಇಟ್ಟುಕೊಳ್ಳುವ ವೇರಿಯಬಲ್‌ಗೂ, ಇದೇ ದಾರಿ ಹಿಡಿದೆ. ಎರಡು ಸಂಖ್ಯೆ ಅದಲುಬದಲು ಮಾಡುವ ಫಂಕ್ಷನ್ ಬರೆದರೆ, ಹೊರಗಿನ ಸಂಖ್ಯೆಗಳು ಇದ್ದ ಹಾಗೇ ಇರುತ್ತಿದ್ದವು. ಸುಮ್ನೆ ಎರಡೂ ಕಡೆ ವೇರಿಯಬಲ್‌ಗಳ ವಿಳಾಸ ಪ್ರಿಂಟ್ ಮಾಡಿದೆ. ವಿಳಾಸಗಳೇ ಬೇರೆ ಬೇರೆ! ಒಳಗೆ ಹೋಗಿದ್ದದ್ದು ನಕಲು. ವಿಳಾಸವನ್ನೇ ಕಳಿಸಿದ ಮೇಲೆ ಸಂಖ್ಯೆಗಳು ಬದಲಾದವು.