ಮೀಡಿಯಂನಲ್ಲಿ ಸಿಗದ ಟಿಜಿಎಫ್-ಆಲ್ಫಾ ಹಿಡಿದ ಬಗೆ: ನನ್ನ ಅನುಭವ

ಗಡ್ಡೆಯ ಸೆಲ್‌ಗಳು ತಮಗೆ ಬೇಕಾದ ಗ್ರೋತ್ ಫ್ಯಾಕ್ಟರನ್ನು (ಬೆಳೆಯಲು ಹೇಳುವ ಪ್ರೊಟೀನನ್ನು) ತಾವೇ ತಯಾರಿಸಿಕೊಳ್ಳುತ್ತವೆ ಅಂತ ವಿಜ್ಞಾನಿಗಳಾದ ಸ್ಪೋರ್ನ್ ಮತ್ತು ಟೊಡಾರೊ 1980ರಲ್ಲೇ ಹೇಳಿದ್ದರು. ಇದು ನಮ್ಮ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಅದನ್ನು ಸ್ವಂತ ಪ್ಲೇಟಿನಲ್ಲಿ ತೋರಿಸಲು ಹೊರಟಾಗಲೇ ಕಷ್ಟ ಶುರುವಾಗುವುದು.

ನಾನು ಹಿಡಿದದ್ದು ಚರ್ಮದ ಕ್ಯಾನ್ಸರಿನಿಂದ ಬಂದ ಎ431 ಸೆಲ್‌ಗಳನ್ನು. ಗ್ರೋತ್ ಫ್ಯಾಕ್ಟರ್ ಇರುವ ಸೀರಂ (ಹಸುವಿನ ರಕ್ತದ ತಿಳಿ) ತೆಗೆದು ರಾತ್ರಿಯಿಡೀ ಇಟ್ಟರೂ ಪ್ರೊಟೀನ್ ತೋರಿಸುವ ಬ್ಲಾಟ್‌ನಲ್ಲಿ ಫಾಸ್ಫೊ-ಇಆರ್‌ಕೆ ಮಸುಕಾಗಿ ಉಳಿದೇ ಇರುತ್ತಿತ್ತು. ಈ ಬ್ಯಾಂಡ್ ಕಂಡರೆ ಸೆಲ್ಲಿಗೆ ಬೆಳೆಯುವ ಸಂಕೇತ ಬರುತ್ತಿದೆ ಅಂತ ಅರ್ಥ. ಹಾಗಾದರೆ ಸೆಲ್ಲೇ ಟಿಜಿಎಫ್-ಆಲ್ಫಾ ಎಂಬ ಗ್ರೋತ್ ಫ್ಯಾಕ್ಟರ್ ಬಿಡುತ್ತಿರಬೇಕು, ಅಲ್ವಾ? ಸೆಲ್ ಬೆಳೆಯುವ ದ್ರವವಾದ ಮೀಡಿಯಂ ತೆಗೆದು ಎಲೈಸಾ (ಪ್ರೊಟೀನ್ ಅಳೆಯುವ ಪರೀಕ್ಷೆ) ಮಾಡಿದರೆ ಖಾಲಿ ಬ್ಲ್ಯಾಂಕ್‌ಗಿಂತ ಏನೂ ಜಾಸ್ತಿ ಇಲ್ಲ. ಮೀಟಿಂಗ್‌ನಲ್ಲಿ ಹಿರಿಯರು "ಅದು ಸೀರಂ ಉಳಿಕೆ, ಸುಮ್ನೆ ಕಿಟ್ ಖಾಲಿ ಮಾಡಬೇಡ" ಅಂದರು. ಕಿಟ್ ಮಾತು ಚುಚ್ಚಿತು. ಒಂದು ಕಿಟ್‌ನ ದುಡ್ಡಿಗೆ ಎಷ್ಟೋ ತಿಂಗಳ ಮೀಡಿಯಂ ಬರುತ್ತದೆ.

ಮೀಡಿಯಂ ಗಟ್ಟಿ ಮಾಡಿ ನೋಡೋಣ ಅಂದರೆ ಅದೂ ನಡೆಯಲಿಲ್ಲ. ಟಿಜಿಎಫ್-ಆಲ್ಫಾ ಬರೀ 50 ಅಮೈನೋ ಆಮ್ಲದ ಪುಟ್ಟ ಪ್ರೊಟೀನು. ದೊಡ್ಡ ರಂಧ್ರದ ಫಿಲ್ಟರಿನಲ್ಲಿ ಸೋರಿಹೋಗುತ್ತದೆ. ಸಣ್ಣ ರಂಧ್ರದ್ದು ಸೆಂಟ್ರಿಫ್ಯೂಜಿನಲ್ಲಿ ಗಂಟೆಗಟ್ಟಲೆ ತಿರುಗುತ್ತದೆ, ಕೊನೆಗೆ ಸಿಗುವುದು ಅಷ್ಟಕ್ಕಷ್ಟೇ.

ಕಾರಣ ಬೇರೆಯೇ ಇತ್ತು. ಎ431ರ ಒಂದೊಂದು ಸೆಲ್ಲಿನ ಮೇಲೂ ಟಿಜಿಎಫ್-ಆಲ್ಫಾ ಬಂದು ಅಂಟುವ ಹತ್ತು ಲಕ್ಷಕ್ಕಿಂತ ಜಾಸ್ತಿ ಇಜಿಎಫ್ ರಿಸೆಪ್ಟರ್‌ಗಳಿವೆ. ಬಿಟ್ಟ ಟಿಜಿಎಫ್-ಆಲ್ಫಾವನ್ನು ಅವು ಅಲ್ಲೇ ಹಿಡಿದು ಒಳಗೆಳೆದುಕೊಳ್ಳುತ್ತವೆ. ಬಡಿಸುವ ಮೊದಲೇ ಅಡುಗೆಮನೆಯಲ್ಲಿ ಖಾಲಿಯಾದ ಪಾತ್ರೆಯ ಹಾಗೆ. ಹಾಗಾಗಿ ನಾನು ರಿಸೆಪ್ಟರಿನ ಬಾಯಿ ಮುಚ್ಚುವ 225 ಆಂಟಿಬಾಡಿ ಹಾಕಿದೆ. ಸೆಟುಕ್ಸಿಮ್ಯಾಬ್ ಎಂಬ ಕ್ಯಾನ್ಸರ್ ಔಷಧಿ ಇದರಿಂದಲೇ ಬಂದದ್ದು. ತಿನ್ನುವುದು ನಿಂತರೆ ಬಿಟ್ಟದ್ದು ಮೀಡಿಯಂನಲ್ಲಿ ಸೇರಿಕೊಳ್ಳಬೇಕು ಎಂಬುದು ಲೆಕ್ಕ.

ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಹಾಕಿದಾಗ ಮತ್ತೆ ಸೊನ್ನೆ. ಇಲ್ಲಿ ಎಲ್ಲರೂ ಕೈಬಿಡುತ್ತಾರೆ. ಲೆಕ್ಕ ಹಾಕಿ ನೋಡಿ: ನೂರಕ್ಕೆ ಹತ್ತು ರಿಸೆಪ್ಟರ್ ತೆರೆದಿದ್ದರೂ ಸೆಲ್ಲಿಗೆ ಲಕ್ಷ ಉಳಿಯುತ್ತವೆ. ಮಾಮೂಲಿ ಸೆಲ್ಲಿನಲ್ಲಿ ಒಟ್ಟು ಇರುವುದೇ ಹೆಚ್ಚು ಕಡಿಮೆ ಅಷ್ಟು. 10 ಮೈಕ್ರೋಗ್ರಾಂಗೆ ಏರಿಸಿದ ಮೇಲೆ ಎಲೈಸಾ ತಟ್ಟೆ ಹಳದಿಯಾಯಿತು, ಅಂದರೆ ಟಿಜಿಎಫ್-ಆಲ್ಫಾ ಸಿಕ್ಕಿತು. ಗಂಟೆ ಕಳೆದಂತೆ ಏರುತ್ತಲೇ ಹೋಯಿತು. ಹೋಲಿಕೆಗೆ ರಿಸೆಪ್ಟರ್ ಮುಚ್ಚದ ಮಾಮೂಲಿ ಆಂಟಿಬಾಡಿ (ಐಜಿಜಿ) ಹಾಕಿದ ಸಾಲು ಮಾತ್ರ ಬಿಳಿಯಾಗೇ ಇತ್ತು. ಆವತ್ತು ಆ ಹಿರಿಯರನ್ನೇ ಕರೆದು ತೋರಿಸಿದೆ.

ಅಷ್ಟು ಆಂಟಿಬಾಡಿ ಕೊಂಡರೆ ಬಜೆಟ್ ಮುಗಿದೇ ಹೋಗುತ್ತದೆ. ಅದಕ್ಕೆ ಈ ಆಂಟಿಬಾಡಿ ತಯಾರಿಸುವ ಸೆಲ್ (ಹೈಬ್ರಿಡೋಮಾ) ತರಿಸಿ ನಾವೇ ಬೆಳೆಸಿದೆವು. ಈ ಆಂಟಿಬಾಡಿ ಇಲಿಯ ಐಜಿಜಿ1 ಬಗೆಯದು. ಆಂಟಿಬಾಡಿ ಶುದ್ಧ ಮಾಡುವ ಪ್ರೊಟೀನ್ ಎ ಕಾಲಂಗೆ ಸರಿಯಾಗಿ ಅಂಟುವುದಿಲ್ಲ, ಪ್ರೊಟೀನ್ ಜಿ ಬೇಕು. ಸೀರಂ ಇಲ್ಲದ ಮೀಡಿಯಂನಲ್ಲೇ ಬೆಳೆಸಿ, ಇಲ್ಲದಿದ್ದರೆ ಹಸುವಿನ ಐಜಿಜಿಯೂ ಜೊತೆಗೇ ಬರುತ್ತದೆ. ಕೊಂಡ ಬಾಟಲಿಯಾದರೆ ಕೆಡದಂತೆ ಹಾಕುವ ಅಜೈಡ್ ಇದೆಯೇ ಅಂತ ಮೊದಲು ನೋಡಿ. ಇದ್ದರೆ ಸೆಲ್ ಉಳಿಯುವುದಿಲ್ಲ. ಒಂದು ಕಾಲಂ ತುಂಬಾ ಸಲ ಬಳಸಬಹುದು. ನಮ್ಮ ಖರ್ಚು ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು.

"ಸಾಯುತ್ತಿರುವ ಸೆಲ್ ಸೋರುತ್ತಿದೆ" ಎಂಬ ತಕರಾರೂ ಬಂತು. ಟಿಜಿಎಫ್-ಆಲ್ಫಾ ಮೊದಲು ಸೆಲ್ಲಿನ ಪೊರೆಗೇ ಕಟ್ಟಿಕೊಂಡಿರುತ್ತದೆ, ಎಡಿಎಎಂ17 ಎಂಬ ಕಿಣ್ವ ಅದನ್ನು ಕತ್ತರಿಸಿದರೆ ಬಿಡುಗಡೆ. ಆ ಕಿಣ್ವವನ್ನು ತಡೆಯುವ ಟಾಪಿ ಎಂಬ ರಾಸಾಯನಿಕ ಹಾಕಿದಾಗ ಆಂಟಿಬಾಡಿ ಇದ್ದರೂ ಮೀಡಿಯಂ ಖಾಲಿಯಾಯಿತು. ಬರೀ ಸೋರಿಕೆಯಾಗಿದ್ದರೆ ಹೀಗೆ ನಿಲ್ಲುತ್ತಿರಲಿಲ್ಲ. ತಕರಾರು ಅಲ್ಲಿಗೆ ನಿಂತಿತು. ಆಂಟಿಬಾಡಿ ಹಾಕಿದ ಪ್ಲೇಟಿನ ಗುಳಿಗಳಲ್ಲಿ ಫಾಸ್ಫೊ-ಇಆರ್‌ಕೆ ಬ್ಯಾಂಡೂ ಇಳಿದಿತ್ತು, ಸೆಲ್ಲಿನ ಎಣಿಕೆಯೂ. ನನಗೆ ಮುಖ್ಯವಾದದ್ದು ಇದೇ. ಪಕ್ಕದ ಸೆಲ್ಲಿನ ಅಪ್ಪಣೆಗೆ ಕಾಯದೆ ಗಡ್ಡೆ ಬೆಳೆಯುವುದು ತಾನೇ ಬಿಟ್ಟು ತಾನೇ ಹಿಡಿಯುವ ಈ ಸುತ್ತಿನಿಂದ.

ಮೀಡಿಯಂ ಬದಲಿಸುವಾಗ ಪ್ಲೇಟ್ ಅಲುಗಿದರೂ ಇಆರ್‌ಕೆ ಏಳುತ್ತದೆ. ಅದನ್ನು ತಪ್ಪಿಸಲು ನಾನು ಮಾಡುವ ಉಪಾಯವನ್ನು ಪೇಪರ್ ಬಂದ ಮೇಲೆ ಹೇಳುತ್ತೇನೆ.

ಕುತೂಹಲಕ್ಕೆ ಕರುಳಿನ ಕ್ಯಾನ್ಸರಿನ ಸೆಲ್ ಆದ ಎಸ್‌ಡಬ್ಲ್ಯೂ480ರಲ್ಲೂ ಮಾಡಿದೆ. ಅದರಲ್ಲಿ ಕೆರಾಸ್ ಜಿ12ವಿ ಇದೆ, ಅಂದರೆ ರಿಸೆಪ್ಟರಿನ ಸಂಕೇತವನ್ನು ಒಳಗೆ ಸಾಗಿಸುವ ರಾಸ್ ಪ್ರೊಟೀನು ಕೆಟ್ಟಿದೆ. ರಿಸೆಪ್ಟರ್ ತಣ್ಣಗಾದರೂ ಇಆರ್‌ಕೆ ಜಗ್ಗಲಿಲ್ಲ. ಕೆಳಗೆ ರಾಸ್ ತಾನೇ ಚಾಲೂ ಆಗಿದ್ದರೆ ಮೇಲೆ ಬಾಗಿಲು ಮುಚ್ಚಿ ಏನು ಪ್ರಯೋಜನ? ಕೆರಾಸ್ ಕೆಟ್ಟಿರುವ ಕರುಳಿನ ಕ್ಯಾನ್ಸರಿಗೆ ಸೆಟುಕ್ಸಿಮ್ಯಾಬ್ ಸಾಮಾನ್ಯವಾಗಿ ಕೊಡದಿರುವುದೂ ಇದಕ್ಕೇ. ಈಗ ನನ್ನ ಪ್ರತಿ ಪ್ಲೇಟಿನಲ್ಲೂ ಒಂದು ಸಾಲು ಟ್ರಾಮೆಟಿನಿಬ್‌ಗೆ ಮೀಸಲು. ಈ ಔಷಧಿ ರಾಸ್ ಮತ್ತು ಇಆರ್‌ಕೆ ನಡುವಿನ ಎಂಇಕೆ ಹಂತದಲ್ಲೇ ತಡೆಯುವುದರಿಂದ ಎರಡೂ ಸೆಲ್‌ಗಳಲ್ಲಿ ಬ್ಯಾಂಡ್ ಮಾಯವಾಗುತ್ತದೆ.