ರೀಮ್ಯಾಪ್ ಆದ ಕಾರಿಗೆ ಹೊಸ ಕ್ಲಚ್: ಮೊದಲು ಲೆಕ್ಕ, ಆಮೇಲೆ ಸ್ಪ್ಯಾನರ್

ಟರ್ಬೊ ಡೀಸೆಲ್ ಕಾರಿಗೆ ರೀಮ್ಯಾಪ್ ಮಾಡಿಸಿದ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸಿಕೊಂಡ, ಮೊದಲ ಕೆಲವು ತಿಂಗಳು ಮಾಲೀಕನಿಗೆ ಹಬ್ಬ. ಆಮೇಲೊಂದು ದಿನ ಚಾರ್ಮಾಡಿ ಘಾಟಿಯ ಏರಿನಲ್ಲಿ, ಲಾರಿಯೊಂದನ್ನು ಹಿಂದಿಕ್ಕಲು ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಅದುಮಿದಾಗ, ಆರ್‌ಪಿಎಂ ಮುಳ್ಳು ಸರ್ರನೆ ಮೇಲೇರುತ್ತದೆ, ವೇಗದ ಮುಳ್ಳು ಮಾತ್ರ ಇದ್ದಲ್ಲೇ ನಿಲ್ಲುತ್ತದೆ. ಅದರ ಹಿಂದೆಯೇ ಸುಟ್ಟ ವಾಸನೆ ಬರುತ್ತದೆ. ಕ್ಲಚ್ ಸ್ಲಿಪ್ ಆಗುತ್ತಿದೆ ಎಂಬುದು ಖಚಿತವಾದ ಕೂಡಲೇ ಹೆಚ್ಚಿನವರು ‘ಸ್ಟೇಜ್ 2’, ‘ಸ್ಟೇಜ್ 3’ ಎಂಬ ಹೆಸರು ನೋಡಿ ಕಿಟ್ ತರಿಸಿಬಿಡುತ್ತಾರೆ. ಆದರೆ ಈ ‘ಸ್ಟೇಜ್’ ಯಾವ ಅಳತೆಯೂ ಅಲ್ಲ. ಒಬ್ಬ ತಯಾರಕನ ಎರಡು ಇನ್ನೊಬ್ಬನ ಮೂರಾಗಿರಬಹುದು. ಕೊಳ್ಳುವವನು ಕೇಳಬೇಕಾದುದು ಒಂದೇ ಅಂಕಿ: ಈ ಕ್ಲಚ್ ಎಷ್ಟು ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಜಾರದೆ ಹಿಡಿದುಕೊಳ್ಳುತ್ತದೆ?

ಆ ಅಂಕಿಯನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಕ್ಲಚ್ ಪ್ಲೇಟಿನ ಎರಡು ಮುಖಗಳು, ಅವುಗಳ ಮೇಲಿನ ಘರ್ಷಣೆಯ ಪದರವಾದ ಲೈನಿಂಗಿನ ಘರ್ಷಣಾಂಕ, ಎಂಜಿನ್ನಿನೊಂದಿಗೆ ತಿರುಗುವ ಫ್ಲೈವೀಲ್ ಎಂಬ ಚಕ್ರಕ್ಕೆ ಆ ಪ್ಲೇಟನ್ನು ಅದುಮುವ ಪ್ರೆಷರ್ ಪ್ಲೇಟ್ ಒತ್ತುವ ಬಲ ಮತ್ತು ಲೈನಿಂಗಿನ ಸರಾಸರಿ ತ್ರಿಜ್ಯ (ಮೀಟರಿನಲ್ಲಿ), ಇಷ್ಟನ್ನು ಗುಣಿಸಿದರೆ ಸಾಕು. ಭಾರತದಲ್ಲಿ 2020ರವರೆಗೆ ಮಾರಾಟವಾದ ಪೋಲೊ ಜಿಟಿಯ 1.5 ಲೀಟರ್ ಡೀಸೆಲ್ ಎಂಜಿನ್ ಕಾರ್ಖಾನೆಯಿಂದ ಬರುವಾಗ 250 ನ್ಯೂಟನ್ ಮೀಟರ್ ಕೊಡುತ್ತಿತ್ತು. ಅಂಥ ಕಾರೊಂದರ ಲೈನಿಂಗ್ ಹೊರವ್ಯಾಸ 228 ಮಿ.ಮೀ., ಒಳವ್ಯಾಸ 150 ಮಿ.ಮೀ., ಒತ್ತುವ ಬಲ 6,500 ನ್ಯೂಟನ್ ಎಂದಿಟ್ಟುಕೊಳ್ಳೋಣ. ಸರಾಸರಿ ತ್ರಿಜ್ಯ 94.5 ಮಿ.ಮೀ. ಆಗುತ್ತದೆ. ಘರ್ಷಣಾಂಕ 0.3 ಇದ್ದಾಗ ಈ ಕ್ಲಚ್ ಸುಮಾರು 368 ನ್ಯೂಟನ್ ಮೀಟರ್ ಹಿಡಿಯುತ್ತದೆ. ಕಾಯ್ದು ಘರ್ಷಣಾಂಕ 0.25ಕ್ಕೆ ಇಳಿದರೆ ಹಿಡಿತ 307ಕ್ಕೆ ಕುಸಿಯುತ್ತದೆ. ಮೂಲ ಎಂಜಿನ್ನಿಗೆ ಆಗಲೂ ತೊಂದರೆಯಿಲ್ಲ. ರೀಮ್ಯಾಪ್‌ನಿಂದ ಟಾರ್ಕ್ 320ಕ್ಕೆ ಏರಿದ್ದರೆ, ಬೆಳಿಗ್ಗೆ ತಣ್ಣಗಿದ್ದಾಗ ಸರಿಯಾಗಿಯೇ ಓಡುವ ಕಾರು ಘಾಟಿಯ ನಡುವೆ ಜಾರತೊಡಗುವುದು ಏಕೆಂಬುದು ಈ ಎರಡು ಅಂಕಿಗಳಿಂದಲೇ ತಿಳಿಯುತ್ತದೆ.

ಹಾಗೆಂದು ಜಾರಿದ ಪ್ರತಿ ಕ್ಲಚ್ಚೂ ದುರ್ಬಲ ಕ್ಲಚ್ ಅಲ್ಲ. ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಸೋರಿ ಲೈನಿಂಗಿಗೆ ಎಣ್ಣೆ ತಗಲಿದ್ದರೂ, ಪೆಡಲ್ ಬಿಟ್ಟ ಮೇಲೂ ಹೈಡ್ರಾಲಿಕ್ ಒತ್ತಡ ಪೂರ್ತಿ ಇಳಿಯದಿದ್ದರೂ ಇದೇ ಲಕ್ಷಣ ಕಾಣುತ್ತದೆ. ಈ ಪಾಠ ನಾನು ಕಲಿತದ್ದು ದುಡ್ಡು ಕೊಟ್ಟು: ಹೊಸ ಕ್ಲಚ್ ಹಾಕಿಸಿದ ಎರಡೇ ತಿಂಗಳಿಗೆ ಗೇರ್‌ಬಾಕ್ಸನ್ನು ಮತ್ತೆ ಇಳಿಸಬೇಕಾಯಿತು, ಏಕೆಂದರೆ ಮೊದಲ ಸಲ ಸೀಲಿನ ಕಡೆಗೆ ಯಾರೂ, ನಾನೂ ಸೇರಿ, ಕಣ್ಣು ಹಾಯಿಸಿರಲಿಲ್ಲ.

ಕಾರಣ ಟಾರ್ಕೇ ಎಂದು ಖಾತ್ರಿಯಾದ ಮೇಲೆ, ಎಂಜಿನ್ನಿನ ಗರಿಷ್ಠ ಟಾರ್ಕಿಗಿಂತ ಸುಮಾರು ಕಾಲುಭಾಗ ಹೆಚ್ಚು ಹಿಡಿಯುವ ಕ್ಲಚ್ ಆರಿಸಬೇಕು. 320ಕ್ಕೆ 400 ಸಾಕು. ಅದೇ ಅಳತೆಯ ಪ್ಲೇಟ್ ಕಾಯ್ದಾಗಲೂ 400 ಹಿಡಿಯಬೇಕಾದರೆ ಒತ್ತುವ ಬಲ ಸುಮಾರು 8,500 ನ್ಯೂಟನ್ನಿಗೆ, ಅಂದರೆ ಮೊದಲಿಗಿಂತ ಶೇ 30ರಷ್ಟು ಏರಬೇಕಾಗುತ್ತದೆ. ಪೆಡಲಿನ ಭಾರವೂ ಹೆಚ್ಚುಕಡಿಮೆ ಅದರ ಜೊತೆಗೇ ಏರುತ್ತದೆ. ಸಿಲ್ಕ್ ಬೋರ್ಡಿನ ಸಂಜೆ ಟ್ರಾಫಿಕ್ಕಿನಲ್ಲಿ ಎಡಗಾಲು ಇದನ್ನು ಬೇಗ ಅರ್ಥಮಾಡಿಕೊಳ್ಳುತ್ತದೆ. ಸಿಗ್ನಲಿನಲ್ಲಿ ಕ್ಲಚ್ ಒತ್ತಿಯೇ ನಿಲ್ಲುವ ಅಭ್ಯಾಸವಿದ್ದರೆ ಈ ಹೆಚ್ಚಿನ ಬಲವೆಲ್ಲ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟನ್ನು ಹಿಂದೆಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗಿನ ಮೇಲೆ ಬೀಳುವುದರಿಂದ, ನ್ಯೂಟ್ರಲ್‌ಗೆ ತಂದು ಕಾಲು ತೆಗೆಯುವುದನ್ನು ರೂಢಿಸಿಕೊಳ್ಳಬೇಕು.

ಬಲ ಏರಿಸದೆ ಲೈನಿಂಗನ್ನೇ ಬದಲಿಸುವ ದಾರಿಯೂ ಇದೆ. ಸಿರಾಮಿಕ್ ಬಿಲ್ಲೆಗಳ ಪ್ಲೇಟ್ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಅದಕ್ಕೆ ಹಾಫ್ ಕ್ಲಚ್ ಎಂಬುದೇ ಗೊತ್ತಿಲ್ಲ; ಹಿಡಿದರೆ ಪೂರ್ತಿ ಹಿಡಿಯುತ್ತದೆ, ಹೊರಡುವಾಗ ಕಾರನ್ನು ಗಡಗಡ ನಡುಗಿಸುತ್ತದೆ. ಕೆವ್ಲಾರ್ ಮೃದುವಾಗಿ ಹಿಡಿಯುತ್ತದೆ, ಬಾಳಿಕೆಯೂ ಇದೆ. ಒಮ್ಮೆ ಅತಿಯಾಗಿ ಕಾಯ್ದು ಮೇಲ್ಮೈ ಗಾಜಿನಂತಾದರೆ ಮಾತ್ರ ಚೇತರಿಸಿಕೊಳ್ಳುವುದು ಕಷ್ಟ. ದಿನವೂ ಆಫೀಸಿಗೆ ಹೋಗುವ ಕಾರಿಗೆ ಸಾಮಾನ್ಯ ಆರ್ಗ್ಯಾನಿಕ್ ಲೈನಿಂಗೂ ಬಲವಾದ ಪ್ರೆಷರ್ ಪ್ಲೇಟೂ ಸೇರಿದ ಜೋಡಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಸಿರಾಮಿಕ್ ಟ್ರ್ಯಾಕಿಗಿರಲಿ. ರೀಮ್ಯಾಪ್ ಮಾಡಿದವರಿಗೆ ಹೇಳಿ ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕನ್ನು ತುಸು ತಗ್ಗಿಸಿಕೊಂಡರೆ ಕೆಲವೊಮ್ಮೆ ಹೊಸ ಕ್ಲಚ್ಚೇ ಬೇಕಾಗುವುದಿಲ್ಲ. ವಾಹನದ ಮಾರ್ಪಾಡಿಗೆ ಸಂಬಂಧಿಸಿದ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ವಾರಂಟಿ ಮತ್ತು ವಿಮೆಯ ಷರತ್ತುಗಳನ್ನು ಖರ್ಚಿಗೆ ಮೊದಲೇ ಓದಿಕೊಳ್ಳುವುದು ಒಳ್ಳೆಯದು.

ಕೆಲಸದ ದಿನ ಬ್ಯಾಟರಿ ಕಳಚಿ, ಕಾರನ್ನು ಲಿಫ್ಟ್ ಅಥವಾ ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಬರೀ ಜಾಕ್ ನಂಬಿ ಯಾರೂ ಕೆಳಗೆ ಹೋಗಕೂಡದು. ಡ್ರೈವ್‌ಶಾಫ್ಟುಗಳನ್ನು ಬಿಡಿಸಿ, ಎಂಜಿನ್ನಿಗೆ ಆಸರೆ ಕೊಟ್ಟು ಗೇರ್‌ಬಾಕ್ಸ್ ಇಳಿಸಿದ ಮೇಲೆ, ಹಳೆಯ ಪ್ಲೇಟನ್ನು ಮೂಲೆಗೆ ಎಸೆಯುವ ಮುನ್ನ ಅದನ್ನೊಮ್ಮೆ ಓದಬೇಕು. ರಿವೆಟ್‌ವರೆಗೆ ಸಮನಾಗಿ ಸವೆದಿದ್ದರೆ ಅದರ ಆಯುಸ್ಸು ಮುಗಿದಿತ್ತು ಎಂದರ್ಥ. ದಪ್ಪ ಉಳಿದೂ ಮೇಲ್ಮೈ ಕಪ್ಪಾಗಿ ಮಿರುಗುತ್ತಿದ್ದರೆ ಅದು ಜಾರಿ ಸುಟ್ಟದ್ದು. ಅಂಚಿನಲ್ಲಿ ಎಣ್ಣೆಯ ಜಿಡ್ಡಿದ್ದರೆ ಸೀಲ್ ಬದಲಿಸದೆ ಮುಂದೆ ಹೋಗಬಾರದು.

ಫ್ಲೈವೀಲಿನ ಮೇಲೆ ನೀಲಿ ಕಲೆಗಳು, ಕೂದಲಿನಂಥ ಬಿರುಕುಗಳು ಇವೆಯೇ ನೋಡಬೇಕು. ಇಂಥ ಡೀಸೆಲ್ ಕಾರುಗಳಲ್ಲಿ ಸಾಮಾನ್ಯವಾಗಿರುವ ಡ್ಯುಯಲ್ ಮಾಸ್ ಫ್ಲೈವೀಲಿನ (ಅದುರು ನುಂಗಲು ನಡುವೆ ಸ್ಪ್ರಿಂಗುಗಳಿರುವ ಎರಡು ಭಾಗಗಳ ಫ್ಲೈವೀಲ್) ಕ್ಲಚ್ ಕಡೆಯ ಭಾಗವನ್ನು ಕೈಯಿಂದ ತಿರುಗಿಸಿಯೂ ಅಲ್ಲಾಡಿಸಿಯೂ ನೋಡಿ, ಅದರ ಸಡಿಲಾಟ (ಪ್ಲೇ) ಕೈಪಿಡಿಯ ಮಿತಿ ದಾಟಿದ್ದರೆ ಅದನ್ನೂ ಬದಲಿಸಬೇಕು. ಅದರ ಜಾಗದಲ್ಲಿ ಒಂಟಿ ಫ್ಲೈವೀಲ್ ಹಾಕಿದರೆ ಬಾಳಿಕೆ ಹೆಚ್ಚಬಹುದು, ಆದರೆ ಎಂಜಿನ್ನಿನ ಅದುರು ನೇರವಾಗಿ ಗೇರ್‌ಬಾಕ್ಸಿಗೆ ಹೋಗಿ, ನ್ಯೂಟ್ರಲ್‌ನಲ್ಲಿ ಡಬ್ಬಿಯೊಳಗೆ ಕಲ್ಲು ಅಲ್ಲಾಡಿಸಿದಂಥ ಸದ್ದು ಬರತೊಡಗುತ್ತದೆ.

ಜೋಡಿಸುವಾಗ ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟಿನ ಮುಖಗಳನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಆಮೇಲೆ ಬೆರಳು ತಾಗಿಸದಿರಬೇಕು. ಜರ್ಮನ್ ಪ್ಲೇಟುಗಳ ಮೇಲೆ ‘ಗೆಟ್ರೀಬೆಝೈಟೆ’ ಎಂಬ ಪದ ಅಚ್ಚಾಗಿರುತ್ತದೆ. ಗೇರ್‌ಬಾಕ್ಸ್ ಕಡೆ ಎಂಬುದು ಅದರ ಅರ್ಥ, ಆ ಮುಖ ಅತ್ತಲೇ ಇರಬೇಕು. ಇನ್‌ಪುಟ್ ಶಾಫ್ಟಿನ ಹಲ್ಲುಗಳಿಗೆ ಗ್ರೀಸನ್ನು ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಬೇಕು; ಇಲ್ಲವಾದರೆ ಅದೇ ಸಿಡಿದು ಲೈನಿಂಗಿಗೆ ಅಂಟುತ್ತದೆ. ಅಲೈನ್‌ಮೆಂಟ್ ಟೂಲಿನಿಂದ ಪ್ಲೇಟನ್ನು ನಡುವಿಗೆ ತಂದು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಕೊನೆಗೆ ಟಾರ್ಕ್ ರೆಂಚಿನಿಂದ ಕೈಪಿಡಿ ಹೇಳಿದ ಅಳತೆಗೆ ತರಬೇಕು. ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಹಳೆಯದನ್ನೇ ಉಳಿಸಿಕೊಳ್ಳುವುದು ಸುಳ್ಳು ಉಳಿತಾಯ. ಗೇರ್‌ಬಾಕ್ಸ್ ಏರಿಸುವಾಗ ಅದರ ಭಾರ ಪ್ಲೇಟಿನ ಮೇಲೆ ಜೋತುಬೀಳಬಾರದು. ಬಳಿಕ ಹೈಡ್ರಾಲಿಕ್ ಲೈನಿನ ಗಾಳಿ ತೆಗೆದು, ಗೇರ್ ಆಯಿಲ್ ತುಂಬಿಸಬೇಕು.

ಇನ್ನು ಉಳಿದಿರುವುದು ತಾಳ್ಮೆ. ತಯಾರಕರು ಬೇರೆ ಅಂಕಿ ಕೊಟ್ಟಿರದಿದ್ದರೆ ಮೊದಲ 800 ಕಿ.ಮೀ. ಊರೊಳಗಿನ ಓಡಾಟದಲ್ಲೇ, ಪೂರ್ತಿ ಆಕ್ಸಿಲರೇಟರ್ ಒತ್ತದೆ ಕಳೆಯಬೇಕು. ಬರೀ ಹೆದ್ದಾರಿಯಲ್ಲಿ ಓಡಿಸಿದ ಕಿಲೋಮೀಟರುಗಳು ಈ ಲೆಕ್ಕಕ್ಕೆ ಬರುವುದಿಲ್ಲ, ಲೈನಿಂಗ್ ಕೂರುವುದು ಕ್ಲಚ್ ಒತ್ತಿ ಬಿಟ್ಟಾಗಲೇ. ಆಮೇಲೆ ಖಾಲಿ ರಸ್ತೆಯಲ್ಲಿ, ನಾಲ್ಕನೇ ಗೇರಿನಲ್ಲಿ, 2,000 ಆರ್‌ಪಿಎಂನಿಂದ ಒಮ್ಮೆ ಪೂರ್ತಿ ಒತ್ತಿ ನೋಡಬಹುದು. ಎರಡು ಮುಳ್ಳುಗಳೂ ಜೊತೆಯಾಗಿ ಏರಬೇಕು.